ಮೂರನೇ ಸಾಲಿನ ಮಕ್ತುಮ್ ಸಾಬ್

ಮದುವೆ ಸೀಜನ್ನು ಶುರುವಾಗುವ ಹೊತ್ತಿಗೆ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಸೂಜಿ ಊರುವಷ್ಟೂ ಜಾಗ ಉಳಿದಿರಲಿಲ್ಲ. ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯಲ್ಲಿದ್ದ ಆ ಸಣ್ಣ ಸ್ಟುಡಿಯೋವನ್ನು ಅಂಜನ್ ಕುಮಾರ್ ಮತ್ತು ಅವನ ಹೆಂಡತಿ ಸ್ವಾತಿ ಇಬ್ಬರೇ ನಡೆಸುತ್ತಿದ್ದರು. ಕ್ಯಾಮೆರಾ ಹೆಗಲಿಗೇರಿಸಿ ಛತ್ರದಿಂದ ಛತ್ರಕ್ಕೆ ಓಡುವುದು ಅವನ ಪಾಲು. ಫೋಟೋ ತಿದ್ದುವುದು, ಆಲ್ಬಂ ಜೋಡಿಸುವುದು, ಗಿರಾಕಿಗಳ ಜೊತೆ ಏಗುವುದು ಅವಳ ಪಾಲು.

ಜಾಗವನ್ನೆಲ್ಲ ನುಂಗಿ ಕೂತಿದ್ದವು ಸ್ವಾತಿಯ ಮಾವ ಉಚ್ಚೆಂಗಪ್ಪನವರ ಹಳೆಯ ಫೋಟೋಗಳು. ಅವರು ಆಯುಷ್ಯದ ಬಹುಭಾಗ ಹರಿಹರದಲ್ಲಿ ಸ್ಟುಡಿಯೋ ಇಟ್ಟಿದ್ದವರು. ಆ ಊರಿನಲ್ಲಿ ಯಾರು ತಲೆ ಬಾಚಿಕೊಂಡು ನೆಟ್ಟಗೆ ಕೂತರೂ ಎದುರಿಗೆ ಉಚ್ಚೆಂಗಪ್ಪ ಇರುತ್ತಿದ್ದ ಕಾಲವೊಂದಿತ್ತು. ಅಂಗಡಿ ಖಾಲಿ ಮಾಡಿ ಮಗನ ಮನೆಗೆ ಬರುವ ಮುಂಚೆ, ಫಿಲಂಗಳು ಹುಳಿ ವಾಸನೆ ಬಿಟ್ಟು ಸುರುಟಿಕೊಳ್ಳತೊಡಗಿದ್ದನ್ನು ಕಂಡು, ಒಂದೊಂದನ್ನೂ ತಾವೇ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದ್ದರು. ಮೀಸೆಯ ಕೂದಲೂ ಕಾಣುವಷ್ಟು ದೊಡ್ಡದಾಗಿ ಸ್ಕ್ಯಾನ್ ಮಾಡಿದ್ದರಿಂದ ಒಂದೊಂದು ಫೋಟೋವೂ ಒಂದೊಂದು ವಿಡಿಯೋದಷ್ಟು ಭಾರ. ಕೆಲಸ ಮುಗಿದ ಮೇಲೆ ಕೆಟ್ಟುಹೋದ ಫಿಲಂಗಳನ್ನು ಬಿಸಾಕಿದರು. ಆಮೇಲೆ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿಯಿತು. ಈಗ ಬೆಳಕು, ನೆರಳು, ಎದುರು ನಿಂತವರ ಆಕಾರ ಗೊತ್ತಾಗುತ್ತಿತ್ತು, ಅಷ್ಟೇ.

ಅದೇ ದಿನಗಳಲ್ಲಿ ಹರಿಹರದಿಂದ ಫೋನು ಬಂತು. ಹೊಳೆದಂಡೆಯ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಹಳೆಯ ಕಾರ್ಮಿಕರು ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದರು. ಉಚ್ಚೆಂಗಪ್ಪ ತೆಗೆದ ಕಾರ್ಖಾನೆಯ ಫೋಟೋಗಳಿದ್ದರೆ ಕಳಿಸಿರಿ ಎಂದು ಕೇಳಿದರು. ಮಾವನಿಗೆ ಹಿಗ್ಗೋ ಹಿಗ್ಗು. "ಕಳಿಸವ್ವ ಸ್ವಾತಿ, ಎಲ್ಲಾವೂ ಕಳಿಸು. ಹೆಂಗೆ ನಿಲ್ಲಿಸಿದ್ದೆ ಅವರನ್ನ, ನೋಡಿಕೊಳ್ಳಲಿ" ಎಂದರು.

ಸ್ವಾತಿ ಕಳಿಸಲು ಹೋದರೆ ಒಂದೂ ಹೋಗಲಿಲ್ಲ. ಅಷ್ಟು ಭಾರದ ಫೈಲನ್ನು ಫೋನು ತೆಗೆದುಕೊಳ್ಳುತ್ತಿರಲಿಲ್ಲ. ಆಗ ಅವಳು ಇಂಟರ್ನೆಟ್ಟಿನಲ್ಲಿ ಹುಡುಕಿ ಒಂದು ಸಾಫ್ಟ್‌ವೇರ್ ಇಳಿಸಿಕೊಂಡಳು. ಒಂದೊಂದೇ ಫೋಟೋ ತೆರೆದು ಸಣ್ಣದು ಮಾಡುವ ಕಾಟವಿಲ್ಲ. ಇಡೀ ಫೋಲ್ಡರನ್ನೇ ತೋರಿಸಿ, ಎಷ್ಟು ಅಗಲ ಬೇಕು ಎಂದು ಹೇಳಿದರೆ ಸಾಕು, ಸಾವಿರಗಟ್ಟಲೆ ಫೋಟೋಗಳನ್ನು ಅದೇ ಕುಗ್ಗಿಸಿಡುತ್ತದೆ. ಕೆಳಗೆ ಒಂದು ಚೌಕ ಇತ್ತು. ಹಳೆಯದರ ಜಾಗದಲ್ಲೇ ಹೊಸದನ್ನು ಇಡಬೇಕೇ ಎಂದು ಅದು ಕೇಳುತ್ತಿತ್ತು. ಬೇರೆ ಕಡೆ ಇಡಲು ಜಾಗವಾದರೂ ಎಲ್ಲಿತ್ತು? ಮೊದಲು ಒಂದು ಫೋಟೋ ಕುಗ್ಗಿಸಿ ನೋಡಿದಳು. ಪರದೆಯ ಮೇಲೆ ಮೊದಲಿನಂತೆಯೇ ಕಂಡಿತು. ಚೌಕಕ್ಕೆ ಗುರುತು ಹಾಕಿ, ಎಲ್ಲ ಫೋಲ್ಡರುಗಳನ್ನೂ ಕೊಟ್ಟು, ಅಡುಗೆಗೆ ಒಗ್ಗರಣೆ ಹಾಕಲು ಎದ್ದು ಹೋದಳು.

ಊಟ ಮುಗಿಸಿ ಬಂದು ನೋಡಿದರೆ ಜಾಗ ತುಂಬಿದೆ ಎಂದು ತೋರಿಸುತ್ತಿದ್ದ ಕೆಂಪು ಪಟ್ಟಿ ಮಾಯವಾಗಿತ್ತು. ಡಿಸ್ಕು ಖಾಲಿ ಹೊಲದ ಹಾಗೆ ಬಿದ್ದಿತ್ತು. ಅಂಜನ್ ಸಂಜೆ ಬಂದವನು, "ಅರೆರೆ, ಹೊಸ ಡಿಸ್ಕ್ ತರೋದು ತಪ್ಪಿಸಿದೆಯಲ್ಲ!" ಎಂದು ಬೆನ್ನು ತಟ್ಟಿದ. ಆ ವಾರವೇ ಮದುವೆಗಳ ವಿಡಿಯೋ ಬಂದು ಆ ಜಾಗವನ್ನೆಲ್ಲ ತುಂಬಿಕೊಂಡವು. ಅತ್ತ ಹರಿಹರದ ಗುಂಪಿನಲ್ಲಿ ಹಬ್ಬವೋ ಹಬ್ಬ. ನಾನಿಲ್ಲಿದ್ದೀನಿ, ಅವ ಅಲ್ಲಿದ್ದಾನೆ ಎಂದು ದಿನವೆಲ್ಲ ಫೋನು ಟಿಣ್ ಟಿಣ್ ಎನ್ನುತ್ತಿತ್ತು. ಸ್ವಾತಿ ಒಂದೊಂದನ್ನೂ ಮಾವನಿಗೆ ಓದಿ ಹೇಳಿದಳು.

ಹಜೀರಾಬೀ ಬಂದದ್ದು ಆಮೇಲೆ. ಅರವತ್ತು ದಾಟಿದ ಹೆಂಗಸು, ಮಾಸಿದ ಹಸಿರು ಸೀರೆ, ತಲೆ ಮೇಲೆ ಸೆರಗು. ಹರಿಹರದ ಬಸ್ಸಿಳಿದು ನಾಲ್ಕಾರು ಕಡೆ ಕೇಳಿಕೊಂಡು ಬಂದಿದ್ದಳು.

"ಬರ್ರಿ ಅಮ್ಮಾ, ಕೂಡ್ರಿ" ಎಂದು ಸ್ವಾತಿ ಕುರ್ಚಿ ಎಳೆದು ನೀರು ಕೊಟ್ಟಳು.

"ಫ್ಯಾಕ್ಟ್ರಿಯಾಗೆ ಕೆಲಸ ಮಾಡ್ತಿದ್ದ ದುರುಗಣ್ಣನ ಮೊಬೈಲ್‌ನಾಗೆ ಒಂದು ಫೋಟೋ ನೋಡಿದೆ ಬೇಟಿ" ಎಂದಳು ಹಜೀರಾಬೀ. "ಕಬ್ಬಿಣ ಕರಗಿಸೋ ಫೌಂಡ್ರಿಯೋರು ಎಲ್ಲಾ ಗೇಟಿನ ಮುಂದೆ ನಿಂತಾರಲ್ಲ, ಅದು. ದುರುಗಣ್ಣನ ಪಕ್ಕದಾಗೆ ನಮ್ಮೋರು ಅದಾರೆ. ಮಕ್ತುಮ್ ಸಾಬ್ ಅಂತ. ಅವ ದೊಡ್ಡದು ಮಾಡಿ ತೋರಿಸಾಕ ಹೋದ, ಮಸುಕು ಮಸುಕಾಗಿ ಹೋತು. ಮೊಬೈಲ್‌ನಾಗೆ ಹಂಗೇ, ದೊಡ್ಡ ಫೋಟೋ ದಾವಣಗೇರ್ಯಾಗೆ ಉಚ್ಚೆಂಗಣ್ಣನ ಹತ್ರ ಐತೆ, ಹೋಗಿ ಕೇಳು ಅಂದ."

ಒಳಗಿನಿಂದ ಮಾವ ಗೋಡೆ ಹಿಡಿದುಕೊಂಡು ಬಂದರು. "ಯಾರು? ಮಕ್ತುಮ್ ಸಾಬರ ಮನೆಯೋರಾ? ಕೂಡ್ರಿ ತಾಯಿ, ಕೂಡ್ರಿ."

ಮಕ್ತುಮ್ ಸಾಬರ ಬೇರೆ ಫೋಟೋ ಇಲ್ಲವೇ ಎಂದು ಸ್ವಾತಿ ಕೇಳಿದಳು. ಇರಲಿಲ್ಲ. ನಿಕಾಹ್‌ಗೆ ಫೋಟೋ ತೆಗೆಸುವ ರೂಢಿ ಅವರ ಮನೆಯಲ್ಲಿ ಇರಲಿಲ್ಲ. ಕಾರ್ಖಾನೆಯ ಗುರುತಿನ ಚೀಟಿಯನ್ನು ಅವರು ತೀರಿಕೊಂಡ ಮೇಲೆ ಆಫೀಸಿನವರು ವಾಪಸ್ ತೆಗೆದುಕೊಂಡಿದ್ದರು. ಇನ್ನೇನಾದರೂ ಇದ್ದರೆ ಅದು ಹೊಳೆ ಮನೆಗೆ ನುಗ್ಗಿದ ವರ್ಷ ಟ್ರಂಕಿನ ಜೊತೆ ಹೋಯಿತು.

"ನನ್ನ ಮಗ ಆಗ ಹೊಟ್ಟಿಯಾಗಿದ್ದ" ಎಂದಳು ಹಜೀರಾಬೀ. "ಅಪ್ಪನ ಮುಖ ನೋಡಿಲ್ಲ. ಈಗ ಅವನ ತಲೀನೇ ಬೆಳ್ಳಗಾಗ್ತಾ ಐತೆ. ಒಂದು ಸಲ ತೋರಿಸಿಬಿಟ್ರೆ ಸಾಕು ನಂಗೆ."

"ಅದಕ್ಕೇನಂತೆ!" ಎಂದರು ಮಾವ. ಅವರ ಮುಖ ಅರಳಿತ್ತು. "ಅವತ್ತು ಸ್ಟೂಲಿನ ಮೇಲೆ ಸ್ಟೂಲಿಟ್ಟು ಹತ್ತಿ ತೆಗೆದಿದ್ದೆ. ಸ್ಕ್ಯಾನೂ ಹಂಗೇ ಮಾಡೀನಿ. ಒಬ್ಬೊಬ್ಬನ ಮುಖಾನೂ ಗೋಡೆಗೆ ಹಾಕೋವಷ್ಟು ಮಾಡಬಹುದು. ತೆಗಿಯವ್ವ ಸ್ವಾತಿ."

ಸ್ವಾತಿ ತೆಗೆದಳು. ಗೇಟು, ಕಂಬ, ಮೆಟ್ಟಿಲು ಮೆಟ್ಟಿಲಾಗಿ ನಿಂತ ಇನ್ನೂರಕ್ಕೂ ಹೆಚ್ಚು ಜನ. "ಕೆಳಗಿಂದ ಮೂರನೇ ಸಾಲು, ಕಂಬದ ಕಡೀಗೆ" ಎಂದು ಹಜೀರಾಬೀ ಬಗ್ಗಿ ಬೆರಳು ತೋರಿಸಿದಳು. ಸ್ವಾತಿ ಹಿಗ್ಗಿಸಿದಳು. ಮುಖ ದೊಡ್ಡದಾಗಲಿಲ್ಲ, ಚೌಕಗಳು ದೊಡ್ಡದಾದವು. ಬೂದಿ ಬಣ್ಣದ, ಕಪ್ಪು ಬಣ್ಣದ, ಬಿಳಿಯ ಕೆಲವು ಚೌಕಗಳು. ಕಣ್ಣಿರಬೇಕಾದ ಕಡೆ ಒಂದು ಮಬ್ಬು ಗೆರೆ, ಬಾಯಿ ಇರಬೇಕಾದ ಕಡೆ ಏನೂ ಇಲ್ಲ. ಪಕ್ಕದ ದುರುಗಣ್ಣನೂ ಹಾಗೇ. ಅವನ ಪಕ್ಕದವನೂ ಹಾಗೇ.

ಸ್ವಾತಿ ಫೈಲಿನ ಅಳತೆ ನೋಡಿದಳು. ಅಂದು ಕುಗ್ಗಿಸುವಾಗ ತಾನು ಕೇಳಿದ್ದ ಅಗಲವೇ. ಇನ್ನೊಂದು ಫೋಟೋ ತೆರೆದಳು, ಮತ್ತೊಂದು ತೆರೆದಳು. ಎಲ್ಲವೂ ಅದೇ ಅಗಲ.

"ಬಂತೇನವ್ವ?" ಎಂದರು ಮಾವ, ಪರದೆಯ ಬೆಳಕಿನ ಕಡೆ ಮುಖ ಮಾಡಿ. "ಕಣ್ಣು ಕಾಣ್ತಾವಲ್ಲ? ಆಗಿನ ಲೆನ್ಸು ಅಂಥದ್ದು."

ಹಜೀರಾಬೀ ಒಮ್ಮೆ ಪರದೆಯನ್ನೂ ಒಮ್ಮೆ ಸ್ವಾತಿಯನ್ನೂ ನೋಡಿದಳು.

"ಕಂಪ್ಯೂಟರ್ ಯಾಕೋ ತೊಂದರೆ ಕೊಡ್ತಾ ಐತೆ ಮಾವ" ಎಂದಳು ಸ್ವಾತಿ. "ಅಮ್ಮಾ, ನಿಮ್ಮ ನಂಬರ್ ಕೊಡ್ರಿ. ಸರಿ ಮಾಡಿಸಿ ನಾನೇ ಫೋನ್ ಮಾಡ್ತೀನಿ."

ಅಂಜನ್ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕಂಪ್ಯೂಟರಿನ ಮುಂದೆ ಕೂತು ಒಂದಾದ ಮೇಲೊಂದು ಫೋಲ್ಡರ್ ತೆರೆದ, ಮುಚ್ಚಿದ. ಇನ್ನೊಂದು ಪ್ರತಿ ಎಲ್ಲಾದರೂ ಇಟ್ಟಿದ್ದೆವೇ ಎಂದು ಕೇಳಿದ. ಇಟ್ಟಿರಲಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಅಳಿಸಿಹೋದ ಫೈಲುಗಳನ್ನು ಎತ್ತಿಕೊಡುವವನೊಬ್ಬ ಅಶೋಕ ರಸ್ತೆಯ ಹತ್ತಿರ ಇದ್ದ. ಡಿಸ್ಕನ್ನು ಬಿಚ್ಚಿಕೊಂಡು ಅವನ ಹತ್ತಿರ ಓಡಿದರು. ಅವನು ಕೆಲವು ದಿನ ಇಟ್ಟುಕೊಂಡು, "ಮೇಲೆ ಮದುವಿ ವಿಡಿಯೋ ಹಾಕಿಬಿಟ್ಟೀರಲ್ರಿ ಸಾರ್. ಹೆಸರು ಬಂದಾವೆ, ಫೋಟೋ ಬಂದಿಲ್ಲ" ಎಂದು ವಾಪಸ್ ಕೊಟ್ಟ. ಬಂದ ಒಂದೆರಡು ಫೈಲುಗಳಲ್ಲಿ ಮೇಲ್ಗಡೆ ಅಂಗೈಯಗಲ ಆಕಾಶ ಇತ್ತು, ಕೆಳಗೆಲ್ಲ ಬೂದಿ ಬಣ್ಣ.

ಮಾವನಿಗೆ ಹೇಳದೆ ವಿಧಿಯಿರಲಿಲ್ಲ. ಅವರು ಮಧ್ಯಾಹ್ನದ ಮಂಡಕ್ಕಿ ತಿಂದು ಕಟ್ಟೆಯ ಮೇಲೆ ಕೂತಿದ್ದಾಗ ಸ್ವಾತಿ ಹೋಗಿ ಕೆಳಗೆ ಕೂತಳು. ತಡೆತಡೆದು ಎಲ್ಲ ಹೇಳಿದಳು. ಅವರು ಪೂರ್ತಿ ಕೇಳಿದರು.

"ಆ ಒಂದೇ ಫೋಟೋನಾ?"

"ಎಲ್ಲಾವೂ ಮಾವ."

"ಎಲ್ಲಾವೂ" ಎಂದರು ಅವರು. ಸ್ವಲ್ಪ ಹೊತ್ತು ತೊಡೆಯ ಮೇಲಿನ ಮಂಡಕ್ಕಿ ಕಾಳು ಹುಡುಕಿ ಹುಡುಕಿ ತೆಗೆದರು. "ನಾನು ಫಿಲಂ ಬಿಸಾಕಬಾರದಾಗಿತ್ತು ಬಿಡವ್ವ. ನಂದೂ ತಪ್ಪು." ಆಮೇಲೆ ಎದ್ದು, ಸೊಸೆ ಕೈ ಕೊಡಲು ಹೋದರೆ ಬೇಡವೆಂದು, ಗೋಡೆ ತಡವುತ್ತ ಒಳಗೆ ಹೋದರು. ಅಂದಿನಿಂದ ಹರಿಹರದ ಗುಂಪಿನಲ್ಲಿ ಯಾರೇನು ಬರೆದರು ಎಂದು ಅವರು ಕೇಳಲಿಲ್ಲ.

ಉಳಿದದ್ದು ಒಂದೇ ದಾರಿ. ಆ ಫೋಟೋವನ್ನು ಆಗ ಕಾಗದದ ಮೇಲೆ ಪ್ರಿಂಟ್ ಹಾಕಿಸಿಕೊಂಡವರು ಯಾರಾದರೂ ಇರಬೇಕಲ್ಲ? ಗುಂಪಿನಲ್ಲಿ ಕೇಳಿದಳು. ಕೆಲವರ ಮನೆಯಲ್ಲಿ ಗೆದ್ದಲು ತಿಂದಿತ್ತು, ಕೆಲವರು ಊರು ಬಿಡುವಾಗ ಎಲ್ಲೋ ಕಳೆದಿದ್ದರು. ದುರುಗಣ್ಣ ಮಾತ್ರ, "ನಮ್ಮ ಮನಿ ಗೋಡಿ ಮೇಲೆ ಐತಲ್ಲ, ಬರ್ರಿ" ಎಂದು ಬರೆದ.

ಮರುದಿನವೇ ಸ್ವಾತಿ ಕ್ಯಾಮೆರಾ ತೆಗೆದುಕೊಂಡು ಬಸ್ಸು ಹತ್ತಿದಳು. ದಾರಿಯಲ್ಲಿ ಬಾತಿ ಎಂಬ ಊರು ದಾಟುವಾಗ ಅವಳ ಎದೆ ಹಗುರವಾಗಿತ್ತು. ಒಳ್ಳೆಯ ಬೆಳಕಿನಲ್ಲಿಟ್ಟು ತೆಗೆದರೆ ಮುಖ ಸಿಕ್ಕೇ ಸಿಗುತ್ತದೆ, ಮಾವನಿಗೂ ಹೋಗಿ ಹೇಳಬಹುದು ಎಂದುಕೊಂಡಳು. ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಹಜೀರಾಬೀ ಕಾದು ನಿಂತಿದ್ದಳು. ಇಬ್ಬರೂ ಕೂಡಿ ದುರುಗಣ್ಣನ ಮನೆಗೆ ಹೋದರು.

ಫೋಟೋ ನಿಜವಾಗಿಯೂ ಗೋಡೆಯ ಮೇಲಿತ್ತು, ಕಟ್ಟು ಹಾಕಿಸಿದ್ದು. ಆದರೆ ಆ ಗೋಡೆಗೆ ವರ್ಷವರ್ಷವೂ ಹೊಳೆಯ ತೇವ ಏರುತ್ತಿತ್ತು. ಮೇಲಿನ ಸಾಲುಗಳು, ಗೇಟು ಚೆನ್ನಾಗಿದ್ದವು. ಕೆಳಗಿನ ಅರ್ಧ ಗಾಜಿಗೆ ಅಂಟಿಕೊಂಡು, ಬೂಷ್ಟು ಹಿಡಿದು, ಹಾವಿನ ಪೊರೆಯ ಹಾಗೆ ಕಾಣುತ್ತಿತ್ತು. ಆ ಪೊರೆಯ ಹಿಂದೆ ಮೂರನೇ ಸಾಲಿನ ತಲೆಗಳು ನೆರಳಿನಂತೆ ತೋರಿ ಮರೆಯಾಗುತ್ತಿದ್ದವು.

"ಗಾಜು ತೆಗೆದ್ರೆ ಕಾಣ್ತೈತಿ ತಡೀರಿ" ಎಂದ ದುರುಗಣ್ಣ. ಎಪ್ಪತ್ತರ ಮನುಷ್ಯ, ಕೈ ಇನ್ನೂ ಗಟ್ಟಿ. ಸ್ಕ್ರೂಡ್ರೈವರ್ ತಂದು ಮೊಳೆ ಕಿತ್ತ.

"ಬ್ಯಾಡ್ರಿ ಕಾಕಾ, ಅಂಟಿಕೊಂಡೈತೆ, ನೀರಿನಾಗೆ ನೆನೆಸಿ..." ಎಂದು ಸ್ವಾತಿ ಅನ್ನುವುದರೊಳಗೆ ಅವನು ಗಾಜನ್ನು ಎತ್ತಿಬಿಟ್ಟಿದ್ದ. ಒಂದು ಸಣ್ಣ ಚರಕ್ ಸದ್ದು. ಕೆಳಗಿನ ಸಾಲುಗಳು ಗಾಜಿನ ಜೊತೆಗೇ ಎದ್ದು ಬಂದವು. ಕಾಗದದ ಮೇಲೆ ಬಿಳಿ ಉಳಿಯಿತು. ಗಾಜಿನ ಮೇಲಿದ್ದ ತೆಳು ಪದರ ಗಾಳಿಗೆ ಸುರುಟಿ, ಚೂರು ಚೂರಾಗಿ ಅವನ ಪಂಚೆಯ ಮೇಲೆ ಉದುರಿತು.

ದುರುಗಣ್ಣ ಪಂಚೆಯ ಮೇಲಿನ ಚೂರುಗಳನ್ನು ಬೆರಳಿನಿಂದ ಮುಟ್ಟಿ ನೋಡಿದ. ಮಕ್ತುಮ್ ಸಾಬರ ಪಕ್ಕದಲ್ಲಿ ನಿಂತಿದ್ದವನು ಅವನೇ. ಈಗ ಫೋಟೋದಿಂದ ಅವನೂ ಹೋಗಿದ್ದ.

"ಹೋಗ್ಲಿ ಬಿಡ್ರಿ" ಎಂದ. "ನನ್ನ ಮುಖ ಕನ್ನಡಿಯಾಗೆ ಐತಲ್ಲ." ನಗಲು ನೋಡಿದ. ಹಜೀರಾಬೀ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದಳು.

ವಾಪಸ್ ಬಂದ ಸ್ವಾತಿ ರಾತ್ರಿ ಊಟ ಬಿಟ್ಟಳು. ಅಂಜನ್‌ಗೆ ಅದನ್ನು ನೋಡಲಾಗಲಿಲ್ಲ. ಅವಳಿಗೆ ತಿಳಿಸದೆ ಅವನೊಂದು ಕೆಲಸ ಮಾಡಿದ. ಈಗೀಗ ಎಐ ಬಂದಿದೆಯಲ್ಲ, ಮಸುಕಾದ ಮುಖ ಕೊಟ್ಟರೆ ತಿದ್ದಿ ಸ್ಪಷ್ಟ ಮಾಡಿಕೊಡುತ್ತದೆ. ಆ ನಾಲ್ಕಾರು ಬೂದಿ ಚೌಕಗಳನ್ನು ಕತ್ತರಿಸಿ ಅದಕ್ಕೆ ಕೊಟ್ಟ. ಕಣ್ಣು ಮಿಟುಕಿಸುವುದರೊಳಗೆ ಒಂದು ಮುಖ ಬಂತು. ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಹಜೀರಾಬೀಗೆ ತಾನೇ ಫೋನು ಮಾಡಿ ಕರೆಸಿದ.

ಅವಳು ಬಂದು ಕೂತ ಮೇಲೆಯೇ ಸ್ವಾತಿಗೆ ವಿಷಯ ಗೊತ್ತಾದದ್ದು. ಅಂಜನ್ ಕಾಗದ ಸುತ್ತಿದ ಕಟ್ಟನ್ನು ಬಿಚ್ಚಿ ಹಜೀರಾಬೀಯ ತೊಡೆಯ ಮೇಲಿಟ್ಟ. ಒಳಗೆ ನೀಟಾಗಿ ಮೀಸೆ ಕತ್ತರಿಸಿದ ಒಬ್ಬ ಗಂಡಸು. ಹೊಳೆಯುವ ಕಣ್ಣು, ತಿದ್ದಿದಂಥ ಹುಬ್ಬು, ರೆಪ್ಪೆ ರೆಪ್ಪೆಯೂ ಎಣಿಸುವಷ್ಟು ಸ್ಪಷ್ಟ. ತುಟಿಯಲ್ಲಿ ಸಣ್ಣ ನಗೆ.

ಹಜೀರಾಬೀ ಬಹಳ ಹೊತ್ತು ನೋಡಿದಳು.

"ಇವರು ಯಾರು?"

"ನಿಮ್ಮ ಯಜಮಾನ್ರೇ ಅಮ್ಮ" ಎಂದ ಅಂಜನ್. "ಮಸುಕಾಗಿತ್ತಲ್ಲ, ಕಂಪ್ಯೂಟರು ಸರಿ ಮಾಡೈತೆ."

ಅವಳು ಕಟ್ಟನ್ನು ದೂರ ಹಿಡಿದಳು, ಹತ್ತಿರ ತಂದಳು. "ಮೂಗು ಹಿಂಗಿತ್ತಾ?" ಎಂದು ತನಗೇ ಕೇಳಿಕೊಂಡಳು. ಆಮೇಲೆ ಮೂಲೆಯಲ್ಲಿ ಕೂತಿದ್ದ ಮಾವನ ಕಡೆ ತಿರುಗಿ, "ಅಣ್ಣಾರೇ, ನೀವು ನೋಡಿದ್ರಲ್ಲ, ಅವರ ಮೂಗು ಹಿಂಗೇ ಇತ್ತಾ?" ಎಂದಳು.

ಮಾವ ತಮ್ಮ ಮಂಜಾದ ಕಣ್ಣನ್ನು ಅತ್ತ ಹೊರಳಿಸಿದರು. "ಬಹಳ ವರ್ಷದ ಮಾತು ತಾಯಿ. ನನಗೇನು ಕಾಣ್ತೈತೆ."

"ಇರಬೇಕು" ಎಂದಳು ಹಜೀರಾಬೀ. "ಇದ್ದರೂ ಇರಬೇಕು. ನನಗೇ ಮರ್ತು ಹೋಗೇತೇನೋ." ಗಾಜಿನ ಮೇಲೆ ಬೆರಳಾಡಿಸಿದಳು. ನೋಡ ನೋಡುತ್ತ ಅವಳ ಮುಖ ಸಡಿಲವಾಗುತ್ತ ಬಂತು. "ಹೌದು ಬೇಟಿ. ಹಿಂಗೇ ಇದ್ರು ಅನ್ನಿಸ್ತೈತಿ."

ಸುಮ್ಮನಿದ್ದರೆ ಎಲ್ಲ ಮುಗಿಯುತ್ತಿತ್ತು. ಅವಳು ಅದನ್ನು ಎದೆಗೊತ್ತಿಕೊಂಡು ಹೋಗುತ್ತಿದ್ದಳು, ತಲೆ ಬೆಳ್ಳಗಾಗುತ್ತಿರುವ ಮಗ ಅದನ್ನು ನೋಡಿ ಅಪ್ಪಾ ಅನ್ನುತ್ತಿದ್ದ. ಅಂಜನ್ ಹೆಂಡತಿಯ ಕಡೆ ಬೇಡ ಎಂಬಂತೆ ಕಣ್ಣಲ್ಲೇ ಸನ್ನೆ ಮಾಡಿದ. ಯಾವನೋ ಊರೂ ಇಲ್ಲದ, ಹೆಸರೂ ಇಲ್ಲದ, ಹುಟ್ಟೇ ಇರದ ಗಂಡಸೊಬ್ಬ ಹರಿಹರದ ಆ ಮನೆಯ ಗೋಡೆಯೇರುತ್ತಾನೆ ಎನ್ನಿಸಿತು ಸ್ವಾತಿಗೆ.

"ಅದು ಅವರಲ್ಲ ಅಮ್ಮಾ" ಎಂದುಬಿಟ್ಟಳು.

ಹಜೀರಾಬೀ ತಲೆಯೆತ್ತಿದಳು.

"ಅವರ ಮುಖ ಹೋಗಿಬಿಟ್ಟೈತೆ. ಜಾಗ ಉಳಿಸಾಕಂತ ನಾನೇ ಎಲ್ಲಾ ಫೋಟೋ ಸಣ್ಣದು ಮಾಡಿಬಿಟ್ಟೆ. ಆವಾಗ ಹೋತು. ಇದು ಮಷೀನು ಹಿಂಗಿರಬಹುದು ಅಂತ ತಾನೇ ಊಹೆ ಮಾಡಿ ಬರ್ದಿದ್ದು. ಸುಳ್ಳು ಇದು. ನಿಮ್ಮ ಮಗನಿಗೆ ತೋರಿಸಬ್ಯಾಡ್ರಿ."

ಹೇಳಿ ಮುಗಿಸಿದಾಗ ಹಗುರವಾಗಬೇಕಿತ್ತು. ಆಗಲಿಲ್ಲ. ಹಜೀರಾಬೀ ಸಿಟ್ಟು ಮಾಡಲಿಲ್ಲ. ಕಟ್ಟನ್ನು ಮೆಲ್ಲಗೆ ಬೋರಲು ಹಾಕಿ ಮೇಜಿನ ಮೇಲಿಟ್ಟಳು. ಕಣ್ಣು ಮುಚ್ಚಿ ಕೂತಳು. ರೆಪ್ಪೆಗಳು ಅದುರುತ್ತಿದ್ದವು, ಒಳಗೆ ಏನನ್ನೋ ಹುಡುಕುವವರ ಹಾಗೆ. ಆಮೇಲೆ ಕಣ್ಣು ತೆರೆದಳು. ಅವುಗಳಲ್ಲಿ ಹೆದರಿಕೆಯಿತ್ತು.

"ಇವನೇ ಬರ್ತಾನೆ" ಎಂದಳು. "ಕಣ್ಣು ಮುಚ್ಚಿದ್ರೆ ಇವನೇ ಬರ್ತಾನೆ. ಇಷ್ಟು ವರ್ಷ ಅವರು ಬರ್ತಿದ್ರು. ಸ್ವಲ್ಪ ಮಸುಕಾಗೇ ಬರ್ತಿದ್ರು, ಆದ್ರೆ ಬರ್ತಿದ್ರು. ಈಗ ಇವ ಅಡ್ಡ ನಿಂತಾನೆ. ಯಾಕ ತೋರಿಸಿದ್ರಿ ನಂಗೆ?"

ಅಂಜನ್ ತಲೆ ತಗ್ಗಿಸಿದ. ಮಾವ ಮೂಲೆಯಿಂದ "ಶಿವನೇ" ಎಂದರು.

ಸ್ವಾತಿ ಅವಳನ್ನು ಬಸ್ ಸ್ಟ್ಯಾಂಡಿನವರೆಗೆ ಕರೆದುಕೊಂಡು ಹೋದಳು. ದಾರಿಯಲ್ಲಿ ಚಹಾ ಕುಡಿಸುತ್ತೇನೆಂದರೆ ಬೇಡವೆಂದಳು. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆ ಮತ್ತೆ ಕಣ್ಣು ಮುಚ್ಚಿದಳು, ತೆರೆದಳು, ತಲೆಯಲ್ಲಾಡಿಸಿದಳು. ಕಂಡಕ್ಟರು ಸೀಟಿ ಊದಿದ, ಬಸ್ಸು ಹೊರಟಿತು.

ಮನೆಗೆ ಬಂದವಳೇ ಆ ಚಿತ್ರವನ್ನು ಕಂಪ್ಯೂಟರಿನಿಂದ ಅಳಿಸಿದಳು. ಅಂಜನ್ ಕಟ್ಟು ಬಿಚ್ಚಿ ಪ್ರಿಂಟನ್ನು ಹರಿದು ಹಾಕಿದ. ಅದರಿಂದ ಯಾರಿಗೂ ಏನೂ ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಮದುವೆಗಳು ನಡೆಯುತ್ತಲೇ ಇದ್ದವು, ಗಿರಾಕಿಗಳು ಬರುತ್ತಲೇ ಇದ್ದರು. ವಧುವಿನ ಕಣ್ಣಡಿಯ ಕಪ್ಪನ್ನು ತಿದ್ದುತ್ತ ಕೂತಾಗ ಸ್ವಾತಿಯ ಕೈ ನಡುವೆಯೇ ನಿಂತುಬಿಡುತ್ತಿತ್ತು. ಅಂಜನ್ ಎರಡು ಹೊಸ ಡಿಸ್ಕ್ ತಂದ. ಮಾವ ಅವುಗಳನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, ವಾಪಸ್ ಕೊಟ್ಟರು.

ಸ್ವಾತಿ ಹಜೀರಾಬೀಗೆ ಆಗಾಗ ಫೋನು ಮಾಡುತ್ತಿದ್ದಳು. ಕ್ಷಮಿಸಿರಿ ಎಂದು ಕೇಳುವುದನ್ನು ಬಿಟ್ಟಿದ್ದಳು. ಕೇಳಿದರೆ ಅವಳು "ಹೋಗ್ಲಿ ಬಿಡು ಬೇಟಿ" ಎನ್ನುತ್ತಿದ್ದಳು, ಅದನ್ನು ಕೇಳಲು ಇವಳಿಗೆ ಆಗುತ್ತಿರಲಿಲ್ಲ. ಊಟ ಆಯಿತೇ, ಮೊಣಕಾಲು ಹೇಗಿದೆ ಎಂದು ಮಾತಾಡಿ, ಕೊನೆಗೆ ತಡೆಯಲಾರದೆ ಕೇಳುತ್ತಿದ್ದಳು.

"ಕಣ್ಣು ಮುಚ್ಚಿದ್ರೆ ಅವರು ಬಂದ್ರಾ ಅಮ್ಮ?"

"ಇಲ್ಲ. ಕೆಮ್ಮು ಕೇಳ್ತೈತಿ. ಗೇಟಿನ ಕಡೆ ಸೈಕಲ್ ತಳ್ಳಿಕೊಂಡು ಹೋಗೋದು ಕಾಣ್ತೈತಿ, ಬೆನ್ನು ಕಾಣ್ತೈತಿ. ತಿರುಗಿದ್ರೆ ಅವನೇ."

ಮಳೆಗಾಲ ಹಿಡಿದ ಮೇಲೆ ಒಂದು ಸಂಜೆ ಹಜೀರಾಬೀಯೇ ಫೋನು ಮಾಡಿದಳು. ಅವಳು ಮಾಡಿದ್ದು ಅದೇ ಮೊದಲು. ಸ್ವಾತಿ ಗಿರಾಕಿಯನ್ನು ಕೂರಿಸಿ ಎದ್ದು ಹೊರಗೆ ಬಂದಳು.

"ಬೇಟಿ, ಇವತ್ತು ರೊಟ್ಟಿ ತಟ್ಟುವಾಗ ಕಿವಿ ಬಂತು" ಎಂದಳು.

"ಕಿವಿನಾ?"

"ಅವರ ಕಿವಿ. ಆ ಫೋಟೋದವನದಲ್ಲ, ಅವರದೇ. ಅಂಚಿನಾಗೆ ಸ್ವಲ್ಪ ಸುಟ್ಟಿತ್ತು, ಫೌಂಡ್ರಿಯಾಗೆ ಕಿಡಿ ಸಿಡಿದು. ನಾನೇ ಎಣ್ಣಿ ಹಚ್ಚತಿದ್ದೆ, ಮರ್ತೇ ಬಿಟ್ಟಿದ್ದೆ."

"ಮುಖ?"

"ಮುಖ ಇಲ್ಲ. ಕಿವಿ ಅಷ್ಟೇ." ಅತ್ತಲಿಂದ ಉಸಿರಿನ ಸದ್ದು ಕೇಳುತ್ತಿತ್ತು. "ಯಾರಿಗರ ಹೇಳಬೇಕು ಅನ್ನಿಸ್ತು. ಮಗನಿಗೆ ಹೇಳಿದ್ರೆ ಹುಚ್ಚು ಅಂತಾನೆ."

ಸ್ವಾತಿ ಓಣಿಯ ನಡುವೆ ಫೋನು ಹಿಡಿದು ನಿಂತಿದ್ದಳು. ಒಳಗಿನಿಂದ ಗಿರಾಕಿ, "ಮೇಡಮ್, ನಮ್ಮ ಫೋಟೋ ಎಷ್ಟೊತ್ತಿಗೆ ಸಿಗ್ತಾವೆ?" ಎಂದು ಕೂಗಿದ. ಅವಳು ಬಂದೆ ಎನ್ನುವಂತೆ ಕೈ ಮಾಡಿ, ಫೋನನ್ನು ಇನ್ನೊಂದು ಕಿವಿಗೆ ಒತ್ತಿಕೊಂಡಳು.

"ಯಾವ ಕಿವಿ ಅಮ್ಮ, ಎಡದ್ದಾ ಬಲದ್ದಾ?" ಎಂದು ಕೇಳಿದಳು.